ಪೌಡರ್ ಮೇಲಿನ ಗೆರೆ

ತನ್ನ ಅಪ್ಪ ಬಿಟ್ಟುಹೋದ ಹಳೇ ಕಾರಿನೊಳಗೆ ಮಳೆನೀರು ಎಲ್ಲಿಂದ ಇಳಿಯುತ್ತದೆಂದು ಪತ್ತೆಹಚ್ಚಲು ಗಂಡ ಗಾಜಿನಂಚಿಗೆಲ್ಲ ಪೌಡರ್ ಬಳಿದು, ಅವಳನ್ನು ಒಳಗೆ ಕೂರಿಸಿದ. ತನ್ನ ಅಮ್ಮನ ಕೋಣೆಯಲ್ಲಿದ್ದ ತುಂಬಿದ ಬಕೆಟ್ಟನ್ನೇ ಎತ್ತಿ ತಂದು ಕಾರಿನ ನೆತ್ತಿಗೆ ಸುರಿದ.

“ಕಣ್ಣು ಬಿಟ್ಟು ನೋಡು. ನಿನ್ ಕೈಲಿ ಅಷ್ಟಾದ್ರೂ ಆಗತ್ತಾ?”

ಈ ತಗಡಿನ ಡಬ್ಬಕ್ಕೆ ಎಷ್ಟು ಉಪಚಾರ ಎಂದು ಅವಳಿಗೆ ಮೈ ಉರಿಯಿತು. ಪೌಡರ್ ಮೇಲೆ ಮೂಡಿದ ಒದ್ದೆ ಗೆರೆಯನ್ನು ತೋರಿಸಿದಳು. ಅಲ್ಲಿನ ಹಳೇ ರಬ್ಬರ್ ಕಿತ್ತು ಹೊಸದು ಕೂರಿಸಿ, ಅವನು ಮತ್ತೆ ಬಕೆಟ್ ತುಂಬಿಸಿ ಸುರಿದ. ಈ ಸಲ ಹನಿಯೂ ಒಳಗಿಳಿಯಲಿಲ್ಲ.

“ಸಾಕು, ಬೇಗ ಇಳಿದು ಬಾಗಿಲು ಹಾಕು. ಮಳೆ ಶುರುವಾಯ್ತು, ಸೀಟು ಒದ್ದೆಯಾಗತ್ತೆ.”

ಅವಳು ಬಾಗಿಲಿನ ಲಾಕ್ ಒತ್ತಿ, ಗಾಜನ್ನು ಬೆರಳಗಲ ಇಳಿಸಿದಳು.

“ಅತ್ತೆಯವ್ರನ್ನೂ ಇಲ್ಲಿಗೇ ಕರ್ಕೊಂಡ್ ಬನ್ನಿ. ನಿಮ್ ಕೈಲಿರೋದು, ಅವರ ಮಂಚದ ಮೇಲೆ ಸೂರು ಸೋರೋ ಕಡೆ ಇಟ್ಟಿದ್ದ ಬಕೆಟ್ಟು.”