ನಾಯಿಯ ತಾಟಿನಲ್ಲಿ ಕೈ

ಕರಿನಾಯಿ ರೊಟ್ಟಿ ತಿನ್ನುತ್ತಿದ್ದ ತಾಟಿನೊಳಗೆ ಮರೆಮ್ಮ ಎಡಗೈ ಇಟ್ಟಳು. ನಾಯಿಯ ಗಂಟಲಲ್ಲಿ ಗುರ್ರೆಂಬ ಸದ್ದು ಎದ್ದಿತು.

"ಕೈ ತಗೀ ತಂಗಿ," ಎಂದ ಕುರಿಗಾರ ಅಂಬಾರಾಯ. ತನ್ನೆರಡು ನಾಯಿಗಳಲ್ಲಿ ಒಂದನ್ನು ಕೊಡಲು ಅವನು ಒಪ್ಪಿದ್ದ.

"ನಮ್ಮ ಕೂಸು ಅಂಬೆಗಾಲಿಡ್ತದ ಅಣ್ಣಾ. ತಾಟು ಕಂಡಲ್ಲೆಲ್ಲ ಕೈ ಹಾಕ್ತದ. ಅದಕ್ಕೇನು ತಿಳೀತದ?"

ಅವಳ ಗಂಡ ಶಿವರಾಯ ರೇಗಿದ. "ಚಿಂಚೋಳಿ ಅಡವಿ ಬಾಜೂಕ ನಮ್ಮ ಹೊಲಮನಿ. ನಾ ವಾರಗಟ್ಲೆ ಶಹಾಬಾದದ ಕಲ್ಲಿನ ಖಣಿಯೊಳಗ ಇರ್ತೀನಿ. ತೋಳ ಬಂದ್ರ ಮೆತ್ತನ್ನ ನಾಯಿ ಅದಕ್ಕ 'ಬರ್ರಿ, ಕುಂದ್ರಿ' ಅಂತದ. ಈ ಕರೀದೇ ಇರ್ಲಿ."

ಮರೆಮ್ಮ ರೊಟ್ಟಿಯ ಚೂರೊಂದನ್ನು ಎತ್ತಿದಳು. ಮರುಕ್ಷಣ ಕರಿನಾಯಿಯ ಹಲ್ಲು ಅವಳ ಮಣಿಕಟ್ಟಿಗೆ ನಾಟಿತು. ಅಂಬಾರಾಯ ಸರಪಳಿ ಜಗ್ಗಿ ಬಿಡಿಸಿದ. ಅವಳು ರಕ್ತ ಜಿನುಗುವ ಕೈಗೆ ಸೆರಗು ಬಿಗಿದು ಸುತ್ತಿಕೊಂಡಳು. ಇನ್ನೊಂದು ತಾಟಿಗೆ ರೊಟ್ಟಿ ಮುರಿದು ಹಾಕಿ, ಬೇವಿನ ಬುಡದಲ್ಲಿ ಕಟ್ಟಿದ್ದ ಕಂದು ನಾಯಿಯ ಮುಂದೆ ಇಟ್ಟಳು.

"ಅದೂ ತೋಳ ಓಡ್ಸಿದ್ದೇ," ಎಂದ ಅಂಬಾರಾಯ ಮೆಲ್ಲಗೆ. "ಹರಿದ ಕಿವಿ ನೋಡ್ರಿ."

ನಾಯಿ ತಿನ್ನತೊಡಗಿತು. ಮರೆಮ್ಮ ಬಲಗೈ ಚಾಚಿದಳು. ಶಿವರಾಯ ಅವಳ ರಟ್ಟೆ ಹಿಡಿದ.

"ಸಾಕು. ಸರಿ ಅತ್ತಾಗ. ಈಗ ನಂದು ಪಾಳಿ."

ಅವನು ಕುಕ್ಕರಗಾಲಲ್ಲಿ ಕೂತು, ಕಲ್ಲು ಒಡೆದು ಒರಟಾಗಿದ್ದ ಕೈಯನ್ನು ತಾಟಿನೊಳಗೆ ಇಟ್ಟ. ನಾಯಿ ತಿನ್ನುವುದನ್ನು ನಿಲ್ಲಿಸಿ ಅವನ ಮುಖ ನೋಡಿತು. ಆಮೇಲೆ ಮೂತಿ ಓರೆ ಮಾಡಿ, ಉಳಿದ ರೊಟ್ಟಿಯನ್ನು ಅವನಿಗೇ ಬಿಟ್ಟು ಹಿಂದೆ ಸರಿದು ಕುಳಿತಿತು.