ಹೊಡೆಯದ ಪೆಟ್ಟು

ಮಗನ ಕಾಲುಗಳ ಮೇಲೆ ಎದ್ದಿದ್ದ ಕೆಂಪು, ನೀಲಿ ಗುರುತುಗಳನ್ನು ಕಂಡು ಬಟ್ಟೆ ವ್ಯಾಪಾರಿ ಮಲಕಾಜಪ್ಪನಿಗೆ ಎಲ್ಲಿಲ್ಲದ ಸಂತೋಷವಾಯಿತು. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಸಾಲಾಗಿ. ಚಡ್ಡಿ ಎತ್ತಿ ನೋಡಿದರೆ ಕುಂಡಿಯ ಮೇಲೂ! ಅಂಗಡಿಯಿಂದ ಒಂದು ಒಳ್ಳೆಯ ಧೋತರ ಆರಿಸಿಕೊಂಡು ನೇರ ವಿಜಾಪುರ ರಸ್ತೆಯ ಕನ್ನಡ ಶಾಲೆಗೆ ಹೋದ. ಅದನ್ನು ಕಾಮಣ್ಣ ಮಾಸ್ತರರ ಕೈಗಿಟ್ಟ.

"ಭಾಳ ಉಪಕಾರ ಆತ್ರಿ ಮಾಸ್ತರ. ನಮ್ಮ ಅಮೋಗಸಿದ್ಧಗ ಈಗ ಹತ್ತೈತಿ ನೋಡ್ರಿ ಖರೇ ಸಾಲಿ. ಮನ್ಯಾಗ ಅವರವ್ವ ನನಗ ಕೈ ಎತ್ತಾಕ ಬಿಡೂದಿಲ್ಲ."

ಅದು ತುರ್ತು ಪರಿಸ್ಥಿತಿಯ ವರ್ಷ. ಸೊಲ್ಲಾಪುರದ ಗೋಡೆಗೋಡೆಯೂ ಶಿಸ್ತು ಶಿಸ್ತು ಎಂದು ಬಡಿದುಕೊಳ್ಳುತ್ತಿತ್ತು. ನಿಜ ಹೇಳಬೇಕೆಂದರೆ ಮಾಸ್ತರರು ಆ ಹುಡುಗನನ್ನು ಮುಟ್ಟಿಯೂ ಇರಲಿಲ್ಲ. ಎರಡನೆಯ ಇಯತ್ತೆಯ ನಲವತ್ತು ಮಕ್ಕಳಲ್ಲಿ ಬೆತ್ತದ ರುಚಿ ನೋಡದೆ ಉಳಿದವನು ಅವನೊಬ್ಬನೇ. ಆದರೆ ಅವರು ಅಕ್ಕಲಕೋಟದಿಂದ ಬದಲಿಯಾಗಿ ಬಂದಾಗ ಅವರಿಗಿಂತ ಮುಂಚೆ ಅವರ ಬೆತ್ತದ ಕೀರ್ತಿಯೇ ಊರು ಸೇರಿತ್ತು. ತಾನಾಗಿ ಬಂದ ಹೆಸರನ್ನು, ಅದೂ ಧೋತರದ ಸಮೇತ, ಬೇಡವೆನ್ನಲು ಮಾಸ್ತರರೇನು ಸನ್ಯಾಸಿಯೇ?

"ಅದರಾಗೇನೈತ್ರಿ, ನಮ್ಮ ಕರ್ತವ್ಯ," ಎಂದರು.

ಮರುದಿನ ಗುರುತುಗಳು ಹೆಚ್ಚಾದವು. ತಂದೆಯ ಅಭಿಮಾನವೂ ಹೆಚ್ಚಾಯಿತು. "ಯಾರೂ ಹೊಡದಿಲ್ಲಪ್ಪಾ" ಎಂದು ಹುಡುಗ ಅತ್ತರೆ, ಸುಳ್ಳು ಬೇರೆ ಕಲಿತಿದ್ದಾನೆಂದು ಗದರಿದ. ಕಾಲಿನ ಕೀಲು ಬಾತು ನಡೆಯಲಾಗದಿದ್ದಾಗ, ಶಾಲೆ ತಪ್ಪಿಸುವ ನಾಟಕವೆಂದ. ಮೂರನೆಯ ದಿನ ಅಮೋಗಸಿದ್ಧ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡತೊಡಗಿದ. ಅವನ ತಾಯಿ ನೀಲಾಬಾಯಿ ಗಂಡನ ಅಭಿಪ್ರಾಯ ಕೇಳುವ ಗೋಜಿಗೆ ಹೋಗಲಿಲ್ಲ. ಮಗನನ್ನು ಎತ್ತಿಕೊಂಡು ಡಾಕ್ಟರ್ ಉಮಾಬಾಯಿಯವರ ದವಾಖಾನೆಗೆ ನಡೆದಳು. ಮಲಕಾಜಪ್ಪ ಗೊಣಗುತ್ತ ಹಿಂದೆ ಬಂದ.

ಉಮಾಬಾಯಿ ಗುರುತುಗಳ ಮೇಲೆ ಗಾಜಿನ ತುಂಡು ಒತ್ತಿ ನೋಡಿದರು. ಕೆಂಪು ಮಾಸಲಿಲ್ಲ; ಚರ್ಮದಡಿ ರಕ್ತ ಸೋರಿತ್ತು.

"ಯಾರ ಹೊಡದಾರ?"

"ನಮ್ಮ ಮಾಸ್ತರ್ರಿ!" ಮಲಕಾಜಪ್ಪ ಎದೆಯುಬ್ಬಿಸಿ ಹೇಳಿದ.

"ಎರಡೂ ಕಾಲಿಗೆ ಅಳತಿ ಹಿಡದು ಸರಿಸಮ ಹೊಡದಾರೇನು? ಕರಸ್ರಿ ಅವರನ್ನ."

ಮಾಸ್ತರರು ಅದೇ ಹೊಸ ಧೋತರ ಉಟ್ಟುಕೊಂಡು, ಮತ್ತೊಂದು ಸನ್ಮಾನಕ್ಕೆ ಸಿದ್ಧರಾದವರ ಹಾಗೆ ಬಂದರು. ಉಮಾಬಾಯಿ ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ.

"ಖರೇ ಹೇಳ್ರಿ. ಇವು ನಿಮ್ಮ ಪೆಟ್ಟಾಗಿದ್ರ ಮುಲಾಮು ಸಾಕು. ಅಲ್ಲಾಂದ್ರ ಹುಡುಗನ ಮೈಯಾಗಿನ ಸಣ್ಣ ಸಣ್ಣ ರಕ್ತನಾಳ ಬಾತಾವ. ಅಪರೂಪದ ಬ್ಯಾನಿ ಅದು. ಮೂತ್ರಪಿಂಡಕ್ಕ ಇಳದ್ರ ಜೀವಕ್ಕ ಕಠಿಣ. ಹೊಡದೀರೋ ಇಲ್ಲೋ?"

ಮೂವತ್ತು ವರ್ಷ ಹೊಡೆದೆ ಹೊಡೆದೆ ಎಂದು ಹೇಳಿಕೊಂಡು ತಿರುಗಿದ ಮನುಷ್ಯನಿಗೆ, ಹೊಡೆದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಮಲಕಾಜಪ್ಪ ಭರವಸೆಯಿಂದ ಅವರ ಮುಖ ನೋಡುತ್ತಿದ್ದ. ಮೇಜಿನ ಮೇಲೆ ಮುದುಡಿ ಮಲಗಿದ್ದ ಹುಡುಗನೂ ನೋಡುತ್ತಿದ್ದ. ಆ ಎರಡನೆಯ ನೋಟವನ್ನು ಮಾಸ್ತರರಿಂದ ತಡೆಯಲಾಗಲಿಲ್ಲ.

"ಇಲ್ರಿ," ಎಂದರು ತಲೆ ತಗ್ಗಿಸಿ. "ಒಂದ ಏಟೂ ಹೊಡದಿಲ್ಲ. ಶಾಣ್ಯಾ ಹುಡುಗ ಅದಾನ್ರಿ."

"ಮೂರು ದಿನದಿಂದ ಅದನ್ನ ಹೇಳಾಕತ್ತಿತ್ತು ನನ್ನ ಕೂಸು!" ನೀಲಾಬಾಯಿ ಮಗನ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು.

ಮಲಕಾಜಪ್ಪನ ಮುಖ ಸುಣ್ಣ ಬಳಿದಂತಾಯಿತು. ಅಲ್ಲೇ ಬೆಂಚಿನ ಮೇಲೆ ಕುಳಿತ. ಮಗನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

"ಆರಾಮ ಆಗತಾನಲ್ರಿ ಡಾಕ್ಟರಬಾಯಿ?"

"ಭಾಳ ಮಾಡಿ ಆಗತಾನ. ಖಾತ್ರಿ ಈಗ ಹೇಳಾಕ ಆಗೂದಿಲ್ಲ. ಇವತ್ತ ಇಲ್ಲೇ ಇರಲಿ. ಮುಂದ ಆರು ತಿಂಗಳು ಮೂತ್ರ ತಪಾಸಣಿ ತಪ್ಪಸಬ್ಯಾಡ್ರಿ. ಮತ್ತ ಅಂವಾ ನೋಯ್ತೈತಿ ಅಂದ್ರ ನಂಬ್ರಿ."

ಮಲಕಾಜಪ್ಪ ಕಣ್ಣೊರೆಸಿಕೊಂಡ. ಎದ್ದು ಬಂದು ಮಾಸ್ತರರ ಮುಂದೆ ಕೈ ಜೋಡಿಸಿ ನಿಂತ.

"ಆರು ತಿಂಗಳ ಆದ ಮ್ಯಾಲೆರೆ ಹೊಡಿಯಾಕ ಚಾಲೂ ಮಾಡತೀರಲ್ರಿ, ಮಾಸ್ತರ?"