ಗೋಡೆಗೆ ಕೊಟ್ಟ ಬೆನ್ನು

ಬಿಸಿಲು ನೆತ್ತಿಗೇರುತ್ತಲೇ ಶಾಂಭವಿ ಎಂದಿನಂತೆ ಕರಿ ಗೋಡೆಗೆ ಬೆನ್ನು ಒತ್ತಿ ಕೂತಳು. ರಾಯಚೂರಿನ ಮನೆಗಳಲ್ಲಿ ಈಗ ವೈರುಗಳಿಲ್ಲ; ಇಂಗಾಲದ ಪುಡಿ ಕಲಸಿದ ಪ್ಲಾಸ್ಟಿಕ್ ಗೋಡೆಯೇ ಕರೆಂಟು ತರುತ್ತದೆ. ಬಿಸಿಲಿಗೆ ಗೋಡೆ ಹಿಗ್ಗಿ, ಒಳಗಿನ ಕಣಗಳು ಒಂದನ್ನೊಂದು ಬಿಟ್ಟು ಸರಿದರೆ ಕರೆಂಟು ನಿಲ್ಲುತ್ತದೆ. ಆಗ ಆ ಕಣಗಳು ಮತ್ತೆ ಕೂಡುವಂತೆ ಯಾರಾದರೂ ಒತ್ತಿ ಬೆನ್ನು ಕೊಡಬೇಕು. ಒಬ್ಬರ ಬೆನ್ನಿಗೆ ಬರುವ ಕರೆಂಟು ಒಂದೇ ಒಂದು ಯಂತ್ರಕ್ಕೆ ಸಾಕು.

ಶಾಂಭವಿಯ ಬೆನ್ನು ಅತ್ತೆಯ ಆಕ್ಸಿಜನ್ ಮಷೀನಿಗೆ ಮುಡಿಪು.

"ಚೂರು ಅಡ್ಡಾಗವ್ವ," ಎಂದರು ಮಂಚದ ಮೇಲಿನ ಅತ್ತೆ.

"ನಾ ಅಡ್ಡಾದ್ರ ನಿಮ್ಗ ಉಸುರು ಯಾರು ಕೊಡ್ತಾರ್ರಿ?"

ಗೋಡೆಯಾಚೆ ನೀಲಮ್ಮನ ಮನೆ. ಇಬ್ಬರಿಗೂ ಒಂದೇ ಗೋಡೆ; ಯಾವ ಕಡೆಯಿಂದ ಒತ್ತಿದರೂ ಕರೆಂಟು ಎರಡೂ ಮನೆಗೆ ಹರಿಯುತ್ತದೆ. "ಬೆನ್ನು ನಂದು, ಗಾಳಿ ನಿಂದೇನು? ಫ್ಯಾನ್ ಆರಿಸು!" ಎಂದು ಹೋದ ಬೇಸಿಗೆಯಲ್ಲಿ ಶಾಂಭವಿ ಬೀದಿಗೆ ಕೇಳುವಂತೆ ಕೂಗಾಡಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಕಣ್ಣು ಯಾವಾಗ ಮುಚ್ಚಿತೋ ತಿಳಿಯಲಿಲ್ಲ. ಎಚ್ಚರಾದಾಗ ಅವಳು ನೆಲದ ಮೇಲೆ ಬಿದ್ದಿದ್ದಳು, ಬೆನ್ನು ಗೋಡೆಯಿಂದ ಮೊಳ ದೂರದಲ್ಲಿತ್ತು. ಧಡಕ್ಕನೆ ಎದ್ದು ಮಂಚದತ್ತ ತಿರುಗಿದಳು. ಆದರೆ ಮಷೀನು ಗುಂಯ್‌ಗುಡುತ್ತಲೇ ಇತ್ತು, ಅತ್ತೆ ನಿದ್ದೆಯಲ್ಲಿದ್ದರು.

ಶಾಂಭವಿ ಗೋಡೆಗೆ ಕಿವಿಯಿಟ್ಟಳು. "ನೀಲಕ್ಕಾ?"

"ಮಕ್ಕೊ ಸುಮ್ನ," ಆಚೆಯಿಂದ ಸಿಡುಕಿನ ದನಿ ಬಂತು. "ನಿನ್ನ ಸಲುವಾಗಿ ಕುಂತಿಲ್ಲ, ನನ್ನ ಫ್ಯಾನಿನ ಸಲುವಾಗಿ ಕುಂತೀನಿ."

ಆಚೆ ಫ್ಯಾನಿನ ಸದ್ದೇ ಇರಲಿಲ್ಲ. ಬೀಸಣಿಕೆ ಬೀಸುವ ಕೈಯ ಬಳೆಗಳು ಮಾತ್ರ ಮೆಲ್ಲಗೆ ಸದ್ದು ಮಾಡುತ್ತಿದ್ದವು.